ಬಟನ್ ಒತ್ತಿದ್ದು ಈಗ, ಒದ್ದಿದ್ದು ಆಮೇಲೆ

ಪ್ರಶ್ನೆ: ನಿಂತು ಆಡುವ ಆರ್ಕೇಡ್ ವಿಡಿಯೊ ಗೇಮ್ ಪೆಟ್ಟಿಗೆಯೊಂದನ್ನು ಮನೆಯಲ್ಲೇ ಮಾಡುತ್ತಿದ್ದೇನೆ. ಪ್ಲೈವುಡ್ ಕೆಲಸ ಮುಗಿದಿದೆ. ಜಾಯ್‌ಸ್ಟಿಕ್, ಬಟನ್ ಎಲ್ಲ ಕೂರಿಸಿದ್ದಾಗಿದೆ. ಒಳಗೊಂದು ಚಿಕ್ಕ ಕಂಪ್ಯೂಟರ್ ಇಟ್ಟು, ಹಳೆಯ ಆರ್ಕೇಡ್ ಆಟಗಳನ್ನು ಓಡಿಸುವ ಮೇಮ್ ಅನ್ನುವ ತಂತ್ರಾಂಶ ಹಾಕಿದ್ದೇನೆ. ಪೆಟ್ಟಿಗೆಯ ಒಳ ಅಗಲ 29 ಇಂಚು. ಅಟ್ಟದ ಮೇಲೆ 21 ಇಂಚಿನ ಹಳೆಯ ಡಬ್ಬಾ ಟೀವಿ ಇದೆ. ಅದನ್ನೇ ಇಡಲೇ, ಹೊಸ ಎಲ್‌ಇಡಿ ಟೀವಿ ತರಲೇ? ತರುವುದಾದರೆ ಎಷ್ಟು ಇಂಚು? 4ಕೆ ಬೇಕೇ?

ಉತ್ತರ: ಟೀವಿ ವಿಷಯ ಆಮೇಲೆ. ಮೊದಲು ಒಂದು ಚೀಟಿ ತೆಗೆದುಕೊಂಡು ನೀವು ನಿಜವಾಗಿ ಆಡುವ ಹತ್ತು ಆಟಗಳ ಹೆಸರು ಬರೆಯಿರಿ. ಮೇಮ್‌ನಲ್ಲಿ ಸಾವಿರಾರು ಆಟ ಇರಬಹುದು, ಕೊನೆಗೆ ಆಡುವುದು ಅದೇ ಹತ್ತು. ಪ್ರತಿ ಹೆಸರಿನ ಮುಂದೆ ಪರದೆ ಅಡ್ಡವೋ ಉದ್ದವೋ ಅಂತ ಗುರುತು ಹಾಕಿ. 1980ರ ಪ್ಯಾಕ್-ಮ್ಯಾನ್, 1981ರ ಡಾಂಕಿ ಕಾಂಗ್ ಎರಡೂ ಉದ್ದ ಪರದೆಯವು. ಆಗ ಪಿಕ್ಚರ್ ಟ್ಯೂಬನ್ನೇ ಪಕ್ಕಕ್ಕೆ ಹೊರಳಿಸಿ ಕೂರಿಸುತ್ತಿದ್ದರು. 1991ರ ಸ್ಟ್ರೀಟ್ ಫೈಟರ್ 2 ಅಡ್ಡ ಪರದೆಯದು. ಹೇಗೆ ಹೊರಳಿಸಿದರೂ ಟ್ಯೂಬಿನ ಅಳತೆ 4:3. ಈಗಿನ ಟೀವಿಗಳದ್ದು 16:9.

ಇಲ್ಲಿ ಸ್ವಲ್ಪ ಲೆಕ್ಕ ಇದೆ, ಬೇಜಾರು ಮಾಡಿಕೊಳ್ಳಬೇಡಿ. 32 ಇಂಚಿನ ಟೀವಿಯ ಪರದೆಯ ಎತ್ತರ ಸುಮಾರು 15.7 ಇಂಚು. ಅದರಲ್ಲಿ 4:3 ಚಿತ್ರ ಕೂರಿಸಿದರೆ ಮೂಲೆಯಿಂದ ಮೂಲೆಗೆ 26 ಇಂಚು ಬರುತ್ತದೆ. ಹಳೆಯ ದೊಡ್ಡ ಪೆಟ್ಟಿಗೆಗಳಲ್ಲಿ ಇರುತ್ತಿದ್ದದ್ದು 25 ಇಂಚಿನ ಮಾನಿಟರ್. ಅದೇ ಟೀವಿಯಲ್ಲಿ ಪ್ಯಾಕ್-ಮ್ಯಾನ್ ಹಾಕಿದರೆ ನಡುವೆ ಉದ್ದಕ್ಕೆ ನಿಲ್ಲುವ ಚಿತ್ರ 19 ಇಂಚಿಗಿಂತ ಚೂರು ಜಾಸ್ತಿ. ಆಗಿನ ಚಿಕ್ಕ ಮಾನಿಟರಿನ ಅಳತೆಯೂ 19. ಎರಡೂ ಹೇಳಿ ಮಾಡಿಸಿದ ಹಾಗಿದೆ, ಅಲ್ವಾ? ಹಾಗಾಗಿ ನಿಮಗೆ 32 ಇಂಚು ಸಾಕು. ಪರದೆಯ ಅಗಲ 28 ಇಂಚು, ಸುತ್ತಲಿನ ಫ್ರೇಮ್ ಸೇರಿದರೆ ಇನ್ನೂ ಒಂದಿಷ್ಟು. 29ರೊಳಗೆ ಕೂರುತ್ತದೆ, ಆದರೆ ಬಿಗಿಯಾಗಿ. ಟೇಪ್ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಡಬ್ಬದ ಮೇಲೆ ಬರೆದ ಇಂಚನ್ನು ನಂಬಬೇಡಿ, ಹೊರಗಿನ ಅಗಲ ಅಳೆಯಿರಿ.

ಪಕ್ಕದಲ್ಲಿ ಉಳಿಯುವ ಕಪ್ಪು ಜಾಗಕ್ಕೆ ಕಪ್ಪು ರಟ್ಟು ಕತ್ತರಿಸಿ ಮುಚ್ಚಿದರೆ ಆಯಿತು. ಖಾಲಿ ಕಾಣುತ್ತದೆ ಅಂತ ಚಿತ್ರವನ್ನು ಎಳೆದು ತುಂಬಿಸಬೇಡಿ. ಪ್ಯಾಕ್-ಮ್ಯಾನ್ ಮೊಟ್ಟೆಯಾಗುತ್ತಾನೆ.

ಇನ್ನು ಅಟ್ಟದ ಮೇಲಿನ ಟೀವಿ. ನನ್ನ ಮನಸ್ಸು ಯಾವಾಗಲೂ ಟ್ಯೂಬಿನ ಕಡೆಗೇ. ಆ ಆಟಗಳ ಚಿತ್ರ ಬರೆದವರು ಟ್ಯೂಬನ್ನು ನೋಡಿಕೊಂಡೇ ಬರೆದದ್ದು. ಪ್ಯಾಕ್-ಮ್ಯಾನ್ ಚಿತ್ರದಲ್ಲಿ ಇರುವುದು 224 ಚುಕ್ಕೆ ಅಗಲ, 288 ಚುಕ್ಕೆ ಎತ್ತರ, ಅಷ್ಟೇ. ಅದು ಟ್ಯೂಬಿನಲ್ಲಿ ದುಂಡಗೆ ಕಾಣುತ್ತದೆ, ಎಲ್‌ಇಡಿಯಲ್ಲಿ ಇಟ್ಟಿಗೆ ಜೋಡಿಸಿದ ಹಾಗೆ. ಆದರೂ ನಿಮಗೆ ಬೇಡ ಅನ್ನುತ್ತೇನೆ. ನಿಮ್ಮ ಕಂಪ್ಯೂಟರಿನಿಂದ ಬರುವುದು ಎಚ್‌ಡಿಎಂಐ. ಆ ಟೀವಿಗೆ ಗೊತ್ತಿರುವುದು 15 ಕಿಲೋಹರ್ಟ್ಸ್ ಸಿಗ್ನಲ್, ಅಂದರೆ ಸೆಕೆಂಡಿಗೆ ಸುಮಾರು 15,000 ಗೆರೆ ಬರೆಯುವ ಹಳೆಯ ಬಗೆ ಮಾತ್ರ. ನಡುವೆ ಚಿಕ್ಕ ಕನ್ವರ್ಟರ್ ಹಾಕಿದರೆ ಚಿತ್ರ ಬಂದೇನೋ ಬರುತ್ತದೆ, ಆದರೆ ಮಸುಕು, ಮಿಣುಕು. ಟ್ಯೂಬ್ ಇಟ್ಟುಕೊಂಡೂ ಟ್ಯೂಬಿನ ಸುಖ ಇಲ್ಲ. ಸರಿಯಾಗಿ ಮಾಡಬೇಕೆಂದರೆ ಆ ಸಿಗ್ನಲ್ ಕೊಡುವ ವಿಡಿಯೊ ಕಾರ್ಡ್ ಬೇಕು, ಟೀವಿಗೆ ಕೆಂಪು, ಹಸಿರು, ನೀಲಿಯನ್ನು ಬೇರೆಬೇರೆಯಾಗಿ ತೆಗೆದುಕೊಳ್ಳುವ ಆರ್‌ಜಿಬಿ ಇನ್‌ಪುಟ್ ಇರಬೇಕು. ಅದು ಬೇರೆಯೇ ಹುಚ್ಚು. ಮತ್ತೊಂದು ಮಾತು, ಪೆಟ್ಟಿಗೆಗೆ ಕೂರಲಿ ಅಂತ ಆ ಟೀವಿಯ ಪ್ಲಾಸ್ಟಿಕ್ ಕವಚ ಬಿಚ್ಚಲು ಹೋಗಬೇಡಿ. ಟ್ಯೂಬಿನ ಬೆನ್ನಿಗೆ ರಬ್ಬರ್ ಟೋಪಿಯ ಹಾಗೆ ಅಂಟಿಕೊಂಡಿರುತ್ತದಲ್ಲ, ಅಲ್ಲಿ 20,000 ವೋಲ್ಟ್ ಆಸುಪಾಸು ಇರುತ್ತದೆ. ಪ್ಲಗ್ ಕಿತ್ತ ಮೇಲೂ ಎಷ್ಟೋ ಹೊತ್ತು ಚಾರ್ಜ್ ಒಳಗೇ ಕೂತಿರುತ್ತದೆ.

ಸರಿ, ಎಲ್‌ಇಡಿ. ಅಂಗಡಿಯವರು ಬಣ್ಣ ತೋರಿಸುತ್ತಾರೆ. ನೀವು ನೋಡಬೇಕಾದ್ದು ತಡ. ಬಟನ್ ಒತ್ತಿದ ಮೇಲೆ ಪರದೆಯಲ್ಲಿ ಅದು ಕಾಣಲು ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವುದು.

ಇದು ನನಗೆ ಗೊತ್ತಾದದ್ದು ಮರ್ಯಾದೆ ಕಳೆದುಕೊಂಡು. ನನ್ನ ಮೊದಲ ಪೆಟ್ಟಿಗೆ ಮುಗಿದ ದಿನ ಮಗಳು ಸ್ಟ್ರೀಟ್ ಫೈಟರ್ ಆಡಿ, ‘ಅಪ್ಪಾ, ಈ ಬಟನ್ ಸೋಮಾರಿ’ ಅಂದಳು. ಬಟನ್ ಬಿಚ್ಚಿ ಮೈಕ್ರೋಸ್ವಿಚ್ ಬದಲಾಯಿಸಿದೆ. ಮತ್ತೆ ಸೋಮಾರಿ. ವೈರ್ ಎಲ್ಲ ಕಿತ್ತು ಹೊಸದಾಗಿ ಎಳೆದೆ. ಬಟನ್‌ಗಳನ್ನು ಯುಎಸ್‌ಬಿಗೆ ಜೋಡಿಸುವ ಬೋರ್ಡನ್ನೂ ಬದಲಾಯಿಸಿದೆ. ಎರಡು ಭಾನುವಾರ ಹೋದವು. ಕೊನೆಗೆ ಬೇರೇನೋ ನೋಡಲು ಹಳೆಯ ಕಂಪ್ಯೂಟರ್ ಮಾನಿಟರ್ ಸಿಕ್ಕಿಸಿದಾಗ ಅದೇ ಬಟನ್ ಚುರುಕು! ತಪ್ಪು ಟೀವಿಯದ್ದು. ಚಿತ್ರ ನಯವಾಗಿ ಹರಿಯಲಿ ಅಂತ ನಡುನಡುವೆ ತಾನೇ ಹೊಸ ಚಿತ್ರ ತುಂಬುತ್ತದಲ್ಲ, ಆ ಸೌಲಭ್ಯ ಆನ್ ಆಗಿತ್ತು. ಅದಕ್ಕೆ ಮುಂದಿನ ಚಿತ್ರ ಬರುವ ತನಕ ಟೀವಿ ಕಾಯಲೇಬೇಕು. ನಾನು ಬದಲಾಯಿಸಿದ ಬಟನ್ ಇವತ್ತಿಗೂ ಡ್ರಾಯರ್‌ನಲ್ಲಿದೆ, ಏನೂ ಆಗಿಲ್ಲ ಅದಕ್ಕೆ.

ಆಟದಲ್ಲಿ ಸೆಕೆಂಡಿಗೆ ಸುಮಾರು 60 ಚಿತ್ರ, ಅಂದರೆ ಒಂದಕ್ಕೆ 16.7 ಮಿಲಿಸೆಕೆಂಡ್. ಗೇಮ್ ಮೋಡ್ (ಚಿತ್ರ ತಿದ್ದುವ ಕೆಲಸ ಬಿಟ್ಟು ತಡ ತಗ್ಗಿಸುವ ಸೆಟ್ಟಿಂಗ್) ಹಾಕದ ಕೆಲವು ಟೀವಿಗಳ ತಡ 100 ಮಿಲಿಸೆಕೆಂಡ್ ದಾಟುತ್ತದೆ. ಆರು ಚಿತ್ರ ಹಿಂದೆ! ಎದುರಾಳಿ ಒದ್ದು ಮುಗಿಸಿ ನಿಂತಿರುತ್ತಾನೆ. ಆದ್ದರಿಂದ ಗೇಮ್ ಮೋಡ್ ಇಲ್ಲದ ಟೀವಿ ಬೇಡವೇ ಬೇಡ. ಪರೀಕ್ಷೆಗೆ ಲ್ಯಾಪ್‌ಟಾಪ್ ಒಯ್ಯಿರಿ. ಟೀವಿಗೆ ಜೋಡಿಸಿ ಎರಡರಲ್ಲೂ ಒಂದೇ ಚಿತ್ರ ಬರುವ ಹಾಗೆ ಮಾಡಿ, ಮಿಲಿಸೆಕೆಂಡ್ ತೋರಿಸುವ ಸ್ಟಾಪ್‌ವಾಚ್ ಓಡಿಸಿ. ಎರಡೂ ಪರದೆ ಒಟ್ಟಿಗೆ ಸಿಗುವಂತೆ ಮೊಬೈಲ್‌ನಲ್ಲಿ ಏಳೆಂಟು ಫೋಟೊ ತೆಗೆಯಿರಿ. ಎರಡು ಅಂಕಿಗಳ ವ್ಯತ್ಯಾಸ ನೋಡಿ. ಲ್ಯಾಪ್‌ಟಾಪ್‌ಗೂ ತನ್ನದೇ ತಡ ಇರುತ್ತದೆ, ಹಾಗಾಗಿ ಇದು ಒರಟು ಅಳತೆ. ಆದರೂ 80, 90 ಬಂದರೆ ಕೈಮುಗಿದು ಹೊರಡಿ.

ಅಲ್ಲೇ ಇನ್ನೊಂದು ಕೆಲಸ. ಟೀವಿ ಓಡುತ್ತಿರುವಾಗ ಗೋಡೆಯ ಸ್ವಿಚ್ ಆಫ್ ಮಾಡಿ ಮತ್ತೆ ಆನ್ ಮಾಡಿಸಿ. ಟೀವಿ ತಾನೇ ಎದ್ದು ಎಚ್‌ಡಿಎಂಐಗೆ ಬರುತ್ತದೋ, ಕೆಂಪು ದೀಪ ಹಚ್ಚಿಕೊಂಡು ಸುಮ್ನೆ ಮಲಗಿರುತ್ತದೋ? ಮಲಗುವುದಾದರೆ, ಪೆಟ್ಟಿಗೆಯೊಳಗೆ ಕೂರಿಸಿದ ಮೇಲೆ ಪ್ರತಿ ಸಲ ರಿಮೋಟ್ ಹುಡುಕಬೇಕು. ಅಂಗಡಿಯವರು ನಿಮ್ಮನ್ನು ವಿಚಿತ್ರವಾಗಿ ನೋಡಬಹುದು, ನೋಡಲಿ.

ಪರದೆಯನ್ನು ಓರೆಯಿಂದಲೂ ನೋಡಿ. ಪೆಟ್ಟಿಗೆಯಲ್ಲಿ ಅದು ಹಿಂದಕ್ಕೆ ವಾಲಿರುತ್ತದೆ, ಇಬ್ಬರು ಆಡುವಾಗ ಯಾರೂ ನೇರ ನಡುವೆ ನಿಂತಿರುವುದಿಲ್ಲ. ಐಪಿಎಸ್ ಅನ್ನುವ ಬಗೆಯ ಪ್ಯಾನೆಲ್ ಆದರೆ ಬಣ್ಣ ಅಷ್ಟಾಗಿ ಕೆಡುವುದಿಲ್ಲ.

4ಕೆ ಕಡ್ಡಾಯವಲ್ಲ. ಒಂದು ಚಂದ ಮಾತ್ರ ಇದೆ. ಹಳೆಯ ಆಟಗಳಲ್ಲಿ ಸಿಗುವ 240 ಗೆರೆಯ ಚಿತ್ರವನ್ನು ಸರಿಯಾಗಿ 9 ಪಟ್ಟು ಮಾಡಿದರೆ 2160, ಅಂದರೆ 4ಕೆ ಎತ್ತರ ಅಷ್ಟೇ. ಟ್ಯೂಬಿನ ಗೆರೆಗಳನ್ನು ನಕಲು ಮಾಡುವ ಶೇಡರ್ ಅನ್ನುವ ತಂತ್ರಾಂಶಕ್ಕೆ ಅದು ಒಳ್ಳೆಯದು. ಆದರೆ ನಿಮ್ಮ ಚಿಕ್ಕ ಕಂಪ್ಯೂಟರ್ ಅಷ್ಟು ಭಾರ ಎಳೆಯಬೇಕಲ್ಲ. 1080 ಸಾಕು.

ಪ್ರಶ್ನೆ: ಪರದೆಗೆ ಗುರಿಯಿಟ್ಟು ಆಡುವ ನನ್ನ ಹಳೆಯ ಲೈಟ್ ಗನ್ ಎಲ್‌ಇಡಿ ಟೀವಿಯಲ್ಲಿ ಗುರಿ ಹಿಡಿಯುತ್ತಿಲ್ಲ. ಗನ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿರಲಿಕ್ಕಿಲ್ಲ. ಆ ಗನ್‌ನಿಂದ ಏನೂ ಹೊರಗೆ ಹೋಗುವುದಿಲ್ಲ, ಅದು ಪರದೆಯ ಬೆಳಕನ್ನು ನೋಡುತ್ತದೆ. ಟ್ಯೂಬಿನಲ್ಲಿ ಚಿತ್ರ ಮೇಲಿನಿಂದ ಕೆಳಗೆ ಗೆರೆ ಗೆರೆಯಾಗಿ ಮೂಡುತ್ತದೆ. ಬೆಳಕು ಯಾವ ಕ್ಷಣಕ್ಕೆ ಕಂಡಿತು ಅನ್ನುವುದರಿಂದಲೇ ಗುರಿ ಎಲ್ಲಿತ್ತು ಅಂತ ಆಟಕ್ಕೆ ಗೊತ್ತಾಗುವುದು. ಎಲ್‌ಇಡಿ ಟೀವಿಯಲ್ಲಿ ಚಿತ್ರ ತಡವಾಗಿ ಬರುತ್ತದೆ, ಲೆಕ್ಕ ತಪ್ಪುತ್ತದೆ. ನಿಮಗೆ ಕ್ಯಾಮೆರಾ ಇರುವ ಹೊಸ ಬಗೆಯ ಗನ್ ಬೇಕು. ಕೆಲವದಕ್ಕೆ ಆಟದ ಸುತ್ತ ಬಿಳಿ ಚೌಕಟ್ಟು ಬಿಡಿಸಬೇಕಾಗುತ್ತದೆ. ಹಳೆಯದನ್ನು ಎಸೆಯಬೇಡಿ. ಮೇಲಿನ ಪ್ರಶ್ನೆ ಕೇಳಿದವರ ಅಟ್ಟದ ಮೇಲೆ 21 ಇಂಚಿನ ಟ್ಯೂಬೊಂದು ಖಾಲಿ ಕೂತಿದೆ.