ಓದುಗರ ಪ್ರಶ್ನೆ, ಗ್ಯಾರೇಜ್ ಉತ್ತರ: ಬಂಪರ್ ಒಡೆದ್ರೆ ಹೊಸದೇ ಹಾಕಿಸ್ಬೇಕಾ?

ಪ್ರಶ್ನೆ: ಸರ್ ನಮಸ್ತೆ, ನಮ್ದು ನಾಲ್ಕು ವರ್ಷ ಹಳೇ ಬಿಳಿ ಹ್ಯಾಚ್‌ಬ್ಯಾಕ್. ಹೋದ ವಾರ ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ರಿವರ್ಸ್ ತಗೊಳ್ವಾಗ ಹಿಂದಿನ ಬಂಪರ್ ಮೂಲೆ ಕಂಬಕ್ಕೆ ತಾಗ್ಬಿಡ್ತು. ಮೂಲೆ ಒಳಕ್ಕೆ ಹೋಗಿದೆ, ಹಳದಿ ಗೀರು ತುಂಬಾ ಬಿದ್ದಿದೆ, ಕೆಳಗಡೆ ನಾಲ್ಕಿಂಚು ಉದ್ದ ಬಿರುಕು, ಚಕ್ರದ ಕಡೆ ಬಂಪರ್ ಬಾಡಿ ಬಿಟ್ಟು ಎದ್ದು ನಿಂತಿದೆ. ಸರ್ವಿಸ್ ಸೆಂಟರ್‌ನಲ್ಲಿ ಪೂರ್ತಿ ಬಂಪರ್ ಚೇಂಜ್ ಮಾಡ್ಬೇಕು ಅಂದ್ರು, ಏರಿಯಾ ಟಿಂಕರಿಂಗ್ ಅಂಗಡಿಯವರು ಲ್ಯಾಂಬಿ (ಗುಳಿ ತುಂಬೋ ಪುಟ್ಟಿ) ಹಾಕಿ ಪೇಂಟ್ ಹೊಡೆದು ಕೊಡ್ತೀನಿ ಅಂತಾರೆ. ಯಾರ ಮಾತು ಕೇಳ್ಲಿ?
– ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ನಮಸ್ತೆ ಮೇಡಂ. ಇಬ್ಬರ ಮಾತೂ ಈಗ್ಲೇ ಬೇಡ, ಮೊದ್ಲು ಒಂದು ಬಕೆಟ್ ಸೋಪು ನೀರು ತಗೊಂಡು ಆ ಮೂಲೆಯನ್ನ ಚೆನ್ನಾಗಿ ತೊಳೀರಿ. ನೀವು ಹೇಳ್ತಿರೋ ಹಳದಿ ಗೀರಲ್ಲಿ ಅರ್ಧಕ್ಕಿಂತ ಹೆಚ್ಚು ನಿಮ್ಮ ಕಾರಿನ ಗಾಯ ಅಲ್ಲ, ಕಂಬಕ್ಕೆ ಬಳಿದಿರೋ ಹಳದಿ ಪೇಂಟ್ ಬಂದು ಬಿಳಿ ಬಂಪರ್ ಮೇಲೆ ಮೆತ್ಕೊಂಡಿರತ್ತೆ ಅಷ್ಟೆ. ತೊಳೆದು ಒರೆಸಿದ ಮೇಲೆ ಉಗುರು ಆಡಿಸಿ ನೋಡಿ, ಉಗುರು ಎಲ್ಲೂ ಸಿಕ್ಕಿಹಾಕ್ಕೊಳ್ದೆ ಜಾರಿದ್ರೆ ಅದು ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದ್ರೆ ಕ್ಲಿಯರ್ ಕೋಟ್‌ನಲ್ಲೇ ಇದೆ, ರಬ್ಬಿಂಗ್ ಕಾಂಪೌಂಡ್ ಹಾಕಿ ಮೆತ್ತಗಿನ ಬಟ್ಟೆಯಲ್ಲಿ ತಿಕ್ಕಿದ್ರೆ ಬಹುಪಾಲು ಹೋಗತ್ತೆ. ಉಗುರು ಸಿಕ್ಕಿ ನಿಲ್ಲೋ ಕಡೆ, ಕೆಳಗೆ ಕಪ್ಪು ಪ್ಲಾಸ್ಟಿಕ್ ಕಾಣೋ ಕಡೆ ಮಾತ್ರ ಪೇಂಟ್ ಕೆಲಸ. ಪೆಟ್ರೋಲ್, ಥಿನ್ನರ್ ಹಾಕಿ ಮಾತ್ರ ಒರೆಸ್ಬೇಡಿ, ಇರೋ ಪೇಂಟೂ ಮಂಕಾಗತ್ತೆ.

ಇನ್ನು ಬಾಡಿ ಬಿಟ್ಟು ಎದ್ದು ನಿಂತಿರೋದು. ನೋಡಕ್ಕೆ ಅದೇ ದೊಡ್ಡದಾಗಿ ಕಾಣೋದು, ಖರ್ಚಲ್ಲಿ ಅದೇ ಚಿಕ್ಕದು. ಚಕ್ರದ ಕಡೆ ಬಂಪರ್ ಅಂಚನ್ನ ಹಿಡ್ಕೊಳ್ಳೋಕೆ ಬಾಡಿಗೆ ಒಂದು ಉದ್ದನೆ ಪ್ಲಾಸ್ಟಿಕ್ ಬ್ರಾಕೆಟ್ ಸ್ಕ್ರೂ ಮಾಡಿರ್ತಾರೆ, ಬಂಪರ್‌ನ ಹಲ್ಲುಗಳು ಅದರೊಳಗೆ ಟಕ್ ಅಂತ ಕೂರತ್ವೆ. ಕಂಬ ಒತ್ತಿದಾಗ ಹಲ್ಲು ಜಾರಿರತ್ತೆ ಅಥವಾ ಬ್ರಾಕೆಟ್ ಮುರಿದಿರತ್ತೆ. ಜಾರಿದ್ರೆ ಕೈಯಲ್ಲಿ ಒತ್ತಿದ್ರೇ ಕೂತ್ಕೊಳತ್ತೆ. ಮುರಿದಿದ್ರೆ ಬ್ರಾಕೆಟ್ ಮಾತ್ರ ಬೇರೆ ಸಿಗತ್ತೆ, ಕ್ಲಿಪ್‌ಗಳೂ ಬಿಡಿಯಾಗಿ ಸಿಗತ್ವೆ, ಅದಕ್ಕೋಸ್ಕರ ಬಂಪರ್ ಎಸೆಯೋದು ಯಾವ ನ್ಯಾಯ ಹೇಳಿ.

ಬಿರುಕಿನ ವಿಷ್ಯ ಸ್ವಲ್ಪ ಉದ್ದಕ್ಕೆ ಹೇಳ್ತೀನಿ, ಯಾಕಂದ್ರೆ ಜನ ಮೋಸ ಹೋಗೋದು ಇಲ್ಲೇ. ಬಂಪರ್ ಬಿಚ್ಚಿಸಿ ಒಳಮೈ ನೋಡಿ, ಎಲ್ಲೋ ಒಂದು ಕಡೆ ಅಚ್ಚಲ್ಲೇ ಬರೆದಿರತ್ತೆ, ಪಿಪಿ ಪ್ಲಸ್ ಇಪಿಡಿಎಂ ಅಂತ, ಪಕ್ಕದಲ್ಲಿ ಟಿ20 ಅಥವಾ ಬೇರೆ ನಂಬರ್. ಪಿಪಿ ಅಂದ್ರೆ ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್, ಇಪಿಡಿಎಂ ಅಂದ್ರೆ ಬಾಗೋ ಗುಣ ಬರ್ಲಿ ಅಂತ ಸೇರಿಸಿರೋ ರಬ್ಬರ್, ಟಿ20 ಅಂದ್ರೆ ನೂರಕ್ಕೆ 20 ಭಾಗ ಟಾಲ್ಕ್ ಪುಡಿ. ಈಗಿನ ಬಂಪರ್‌ಗಳಲ್ಲಿ ಹೆಚ್ಚಿನವು ಇದೇ ಜಾತಿ. ಈ ಪಾಲಿಪ್ರೊಪಿಲೀನ್‌ಗೆ ಒಂದು ಹಠ ಇದೆ, ಯಾವ ಅಂಟನ್ನೂ ಸುಲಭಕ್ಕೆ ಹತ್ತಿಸ್ಕೊಳಲ್ಲ. ಫೆವಿಕ್ವಿಕ್ ಹಾಕಿ, ಎಂ-ಸೀಲ್ ಮೆತ್ತಿ, ಒಂದು ವಾರ ಗಟ್ಟಿ ಇದೆ ಅನ್ಸತ್ತೆ, ಆಮೇಲೆ ಹಂಪ್ ಮೇಲೆ ಕಾರು ಕುಲುಕಿದಾಗ ಸಿಪ್ಪೆ ತರ ಎದ್ದು ಬರತ್ತೆ. ಲ್ಯಾಂಬಿ ಕಥೇನೂ ಅಷ್ಟೇ, ಅದು ತಗಡಿಗೆ ಮಾಡಿರೋ ಗಟ್ಟಿ ಪುಟ್ಟಿ, ಬಾಗಲ್ಲ. ಬಂಪರ್ ಬಾಗತ್ತೆ ಅದು ಬಾಗಲ್ಲ ಅಂದ್ಮೇಲೆ ಬಿರುಕು ಅದೇ ಜಾಗದಲ್ಲಿ ವಾಪಸ್ ಬರತ್ತೆ. ನಿಮ್ಮ ಟಿಂಕರಿಂಗ್‌ನವರು ಒಳ್ಳೆಯವ್ರೇ ಇರ್ಬೋದು, ಆದ್ರೆ ಬಿರುಕಿನ ಮೇಲೆ ಬರೀ ಲ್ಯಾಂಬಿ ಅಂದ್ರೆ ಒಪ್ಕೋಬೇಡಿ.

ಪಿಪಿಗೆ ಸರಿಯಾದ ದಾರಿ ಅಂದ್ರೆ ಬಿಸಿ ಮಾಡಿ ಕರಗಿಸಿ ಕೂಡಿಸೋದು, ಅಂದ್ರೆ ಪ್ಲಾಸ್ಟಿಕ್ ವೆಲ್ಡಿಂಗ್. ಸುಮಾರು 160 ಡಿಗ್ರಿಗೆ ಕರಗೋ ವಸ್ತು ಇದು, ಮತ್ತೆ ಕರಗಿಸಿ ಗಟ್ಟಿ ಮಾಡ್ಬೋದು. ಕೆಲಸ ಗೊತ್ತಿರೋರು ಏನ್ ಮಾಡ್ತಾರೆ ಅಂದ್ರೆ, ಮೊದ್ಲು ಬಿರುಕಿನ ತುದೀಲಿ ಒಂದು ಸಣ್ಣ ತೂತು ಕೊರೀತಾರೆ, 3 ಎಂಎಂ ಇದ್ರೆ ಸಾಕು, ಬಿರುಕು ಅಲ್ಲಿಂದ ಮುಂದಕ್ಕೆ ಓಡಲ್ಲ. ಆಮೇಲೆ ಒಳಗಡೆಯಿಂದ ಹಾಟ್ ಸ್ಟೇಪ್ಲರ್‌ನಲ್ಲಿ ಹಾವಿನ ತರ ಬಾಗಿರೋ ಸ್ಟೀಲ್ ಪಿನ್‌ಗಳನ್ನ ಕಾಯಿಸಿ ಬಿರುಕಿಗೆ ಅಡ್ಡಡ್ಡವಾಗಿ ಇಳಿಸ್ತಾರೆ, ಪಿನ್ ಪೂರ್ತಿ ಪ್ಲಾಸ್ಟಿಕ್ ಒಳಗೆ ಮುಳುಗ್ಬೇಕು, ಆದ್ರೆ ಆಚೆ ಕಡೆ ತೂರಿ ಬರ್ಬಾರ್ದು, ಬಂಪರ್ ದಪ್ಪ ಇರೋದೇ ಮೂರು ಎಂಎಂ ಆಸುಪಾಸು. ಹೊರಗೆ ಉಳಿಯೋ ಪಿನ್ ಕಾಲುಗಳನ್ನ ಕತ್ತರಿಸಿ, ಮೇಲೆ ಪಿಪಿ ರಾಡ್ (ಪಿಪಿ ಪ್ಲಾಸ್ಟಿಕ್ ಕಡ್ಡಿ) ಕರಗಿಸಿ ಮುಚ್ತಾರೆ. ಹೊರಗಡೆ ಬಿರುಕಿನುದ್ದಕ್ಕೂ ವಿ ಆಕಾರದಲ್ಲಿ ಕೆತ್ತಿ ಅದರಲ್ಲೂ ರಾಡ್ ತುಂಬ್ತಾರೆ. ರಾಡ್ ಕೂಡ ಪಿಪಿದೇ ಆಗಿರ್ಬೇಕು, ಎಬಿಎಸ್ ಅನ್ನೋ ಬೇರೆ ಪ್ಲಾಸ್ಟಿಕ್ ರಾಡ್ ಹಾಕಿದ್ರೆ ಮೇಲ್ಮೇಲೆ ಕೂರತ್ತೆ, ಒಳಗೆ ಬೆರೆಯಲ್ಲ. ಕೆಲವು ಗ್ಯಾರೇಜ್‌ನಲ್ಲಿ ರಾಡ್ ಬದಲು ಒಡೆದ ಹಳೇ ಬಂಪರ್‌ನಿಂದಲೇ ಪಟ್ಟಿ ಕುಯ್ದು ಉಪಯೋಗಿಸ್ತಾರೆ, ಅದರ ಮೇಲೂ ಅದೇ ಗುರುತಿದ್ರೆ ತಪ್ಪೇನಿಲ್ಲ.

ವೆಲ್ಡಿಂಗ್ ಆದ್ಮೇಲೆ ಉಜ್ಜಿ, ಬಾಗೋ ತರದ ಬಂಪರ್ ಪುಟ್ಟಿ ತೆಳ್ಳಗೆ ಎಳೆದು, ಪ್ಲಾಸ್ಟಿಕ್ ಪ್ರೈಮರ್ (ಪ್ಲಾಸ್ಟಿಕ್ ಮೇಲೆ ಪೇಂಟ್ ಹಿಡಿಯೋಕೆ ಹೊಡೆಯೋ ಮೊದಲ ಕೋಟ್), ಸರ್ಫೇಸರ್ (ಮೈ ನುಣುಪು ಮಾಡೋ ಕೋಟ್), ಬಣ್ಣ, ಕ್ಲಿಯರ್. ಇದರಲ್ಲಿ ಪ್ಲಾಸ್ಟಿಕ್ ಪ್ರೈಮರ್ ತಪ್ಪಿಸಿದ್ರೆ ಆರು ತಿಂಗಳಲ್ಲೋ ಒಂದು ವರ್ಷದಲ್ಲೋ, ಕಾರ್ ವಾಶ್‌ನವರು ಪ್ರೆಶರ್ ನೀರು ಬಿಟ್ಟಾಗ ಪೇಂಟ್ ಹಾಳೆ ಹಾಳೆಯಾಗಿ ಏಳತ್ತೆ. ಅದಕ್ಕೆ ಅಂಗಡೀಲಿ ಕೇಳ್ಬೇಕಾದ್ದು ಎರಡೇ, "ವೆಲ್ಡಿಂಗ್ ಒಳಗಡೆಯಿಂದಾನೂ ಮಾಡ್ತೀರಾ, ಪ್ಲಾಸ್ಟಿಕ್ ಪ್ರೈಮರ್ ಹೊಡೀತೀರಾ?" ಇದಕ್ಕೆ ನೇರ ಉತ್ತರ ಕೊಡ್ದೇ ಇರೋ ಕಡೆ ಗಾಡಿ ಬಿಡ್ಬೇಡಿ.

ಬಂಪರ್ ಬಿಚ್ಚಿದಾಗ ಅದರ ಹಿಂದೆ ಇರೋದನ್ನೂ ನೋಡಿಸಿ. ನಾವು ಬಂಪರ್ ಅನ್ನೋದು ಹೊರಗಿನ ಹೊದಿಕೆ ಮಾತ್ರ, ಕೆಲವು ಗಾಡೀಲಿ ಅದರ ಹಿಂದೆ ಥರ್ಮೋಕೋಲ್ ತರದ ಗಟ್ಟಿ ಫೋಮ್, ಅದರ ಹಿಂದೆ ಲೋಹದ ಅಡ್ಡಪಟ್ಟಿ ಇರತ್ತೆ. ಬೇಸ್‌ಮೆಂಟ್ ಸ್ಪೀಡಿಗೆ ಸಾಮಾನ್ಯವಾಗಿ ಏನೂ ಆಗಿರಲ್ಲ, ಆದ್ರೂ ಟೈಲ್ ಲ್ಯಾಂಪ್ ಸುತ್ತ ಗ್ಯಾಪ್ ಎರಡೂ ಕಡೆ ಒಂದೇ ತರ ಇದ್ಯಾ, ಡಿಕ್ಕಿ ಬಾಗಿಲು ಮೊದಲಿನ ತರ ಮುಚ್ಚತ್ತಾ ನೋಡ್ಕೊಳ್ಳಿ. ಆ ಅಡ್ಡಪಟ್ಟಿ ಬಾಗಿದ್ರೆ ಮಾತ್ರ ವಿಷ್ಯ ಬೇರೆ.

ನನ್ನ ಮಾತು ಕೇಳೋದಾದ್ರೆ ನಿಮ್ಮ ಬಂಪರ್ ರಿಪೇರಿಗೆ ಯೋಗ್ಯ. ಹೊಸದು ಬೇಕಾಗೋದು ಬಾಡಿಗೆ ಹಿಡಿಯೋ ಕಿವಿಗಳೆಲ್ಲ ಮುರಿದು ಹೋಗಿದ್ರೆ, ಒಂದು ತುಂಡೇ ಕಾಣೆಯಾಗಿದ್ರೆ, ಇಲ್ಲಾ ಬಿರುಕು ಪೇಂಟ್ ಇಲ್ದಿರೋ ತರಿತರಿ ಕಪ್ಪು ಭಾಗದಲ್ಲಿ ಬಂದಿದ್ರೆ. ಆ ತರಿ ಅಚ್ಚಲ್ಲೇ ಬಂದಿರೋದು, ಒಂದ್ಸಲ ಎಮರಿ ಶೀಟ್ ತಾಗಿಸಿದ್ರೆ ಮತ್ತೆ ಹಳೇ ರೂಪ ಬರಲ್ಲ. ಹೊಸದೇ ಹಾಕೋ ಪರಿಸ್ಥಿತಿ ಬಂದ್ರೆ ಕಂಪನಿ ಪಾರ್ಟ್ ತಗೊಳ್ಳಿ, ಇಲ್ಲಾ ಗುಜರಿಯಲ್ಲಿ ಅದೇ ಮಾಡೆಲ್‌ನ ಒರಿಜಿನಲ್ ಹುಡುಕಿಸಿ. ಬೆಂಗಳೂರಿನ ಜೆಸಿ ರೋಡ್‌ನಂಥ ಕಡೆ ಡೂಪ್ಲಿಕೇಟ್ ಬಂಪರ್‌ಗಳೂ ಕಮ್ಮಿ ರೇಟಿಗೆ ಸಿಗತ್ವೆ, ಆದ್ರೆ ತೂತುಗಳು ಕೂಡಲ್ಲ, ಗ್ಯಾಪ್ ಉಳಿಯತ್ತೆ. ಅಂಥದ್ದಕ್ಕಿಂತ ಚೆನ್ನಾಗಿ ವೆಲ್ಡ್ ಮಾಡಿದ ನಿಮ್ಮದೇ ಬಂಪರ್ ಎಷ್ಟೋ ವಾಸಿ.

ಪ್ರಶ್ನೆ: ಇದೇ ತರ ನಂದೂ ಗೇಟಿಗೆ ತಾಗಿದೆ. ಇನ್ಶೂರೆನ್ಸ್ ಕ್ಲೇಮ್ ಮಾಡ್ಲಾ, ಕೈಯಿಂದ ಕೊಡ್ಲಾ? ಫ್ರೀಯಾಗಿ ಆಗತ್ತೆ ಸುಮ್ನೆ ಕ್ಲೇಮ್ ಹಾಕು ಅಂತಾರೆ ಫ್ರೆಂಡ್ಸ್.
– ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಫ್ರೀ ಅನ್ನೋದು ಯಾವುದೂ ಇಲ್ಲ ಸರ್, ಲೆಕ್ಕ ಹಾಕೇ ನೋಡೋಣ. ಉದಾಹರಣೆಗೆ ಹೊಸ ಬಂಪರ್ 8,000, ಪೇಂಟಿಂಗ್ 5,000, ಬಿಚ್ಚಿ ಹಾಕೋ ಕೂಲಿ 1,000, ಒಟ್ಟು 14,000 ರೂಪಾಯಿ ಅಂತ ಇಟ್ಕೊಳ್ಳಿ, ಟ್ಯಾಕ್ಸ್ ಬಿಡಿ. ಸಾಮಾನ್ಯ ಕಾಂಪ್ರಹೆನ್ಸಿವ್ ಪಾಲಿಸೀಲಿ ಪ್ಲಾಸ್ಟಿಕ್, ರಬ್ಬರ್, ನೈಲಾನ್ ಪಾರ್ಟ್‌ಗಳಿಗೆ ಗಾಡಿ ಎಷ್ಟೇ ಹೊಸದಿದ್ರೂ ಶೇಕಡಾ 50 ಡಿಪ್ರಿಸಿಯೇಶನ್ (ಸವಕಳಿ) ಕಟ್, ಅಂದ್ರೆ ಬಂಪರ್‌ಗೆ ಸಿಗೋದು 4,000. ಪೇಂಟಿಂಗ್ ಬಿಲ್‌ನಲ್ಲಿ ಸಾಮಾನು ಬೇರೆ ಕೂಲಿ ಬೇರೆ ಬರೆದಿಲ್ಲ ಅಂದ್ರೆ ಕಾಲು ಭಾಗ ಸಾಮಾನು ಅಂತ ಹಿಡಿದು ಅದರಲ್ಲಿ ಅರ್ಧ ಕಟ್, 625 ಹೋಯ್ತು. 1500 ಸಿಸಿವರೆಗಿನ ಗಾಡಿಗೆ ಕಡ್ಡಾಯವಾಗಿ ನೀವೇ ಕೊಡ್ಬೇಕಾದ್ದು 1,000, ಅದಕ್ಕಿಂತ ದೊಡ್ಡ ಇಂಜಿನ್ ಆದ್ರೆ 2,000. ಎಲ್ಲಾ ಕಳೆದು ಕಂಪನಿ ಕೊಡೋದು 8,375.

ಈಗ ನೋ ಕ್ಲೇಮ್ ಬೋನಸ್ ನೋಡಿ, ಅಂದ್ರೆ ಕ್ಲೇಮ್ ಮಾಡ್ದೇ ಇದ್ದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ. ಕ್ಲೇಮ್ ಇಲ್ದೆ ಹೋದ್ರೆ 20, 25, 35, 45, ಕೊನೆಗೆ 50 ಪರ್ಸೆಂಟ್‌ವರೆಗೆ ಏರತ್ತೆ, ಒಂದೇ ಒಂದು ಕ್ಲೇಮ್‌ಗೆ ಸೊನ್ನೆಗೆ ಬೀಳತ್ತೆ. ನೀವೀಗ 35ರಲ್ಲಿದ್ದು ಓನ್ ಡ್ಯಾಮೇಜ್ (ನಿಮ್ಮದೇ ಗಾಡಿಯ ಹಾನಿಗಿರೋ) ಪ್ರೀಮಿಯಂ 12,000 ಅಂದ್ಕೊಳ್ಳಿ, ಮುಂದಿನ ವರ್ಷ 45 ಸಿಗ್ಬೇಕಿತ್ತು, ಸೊನ್ನೆಯಾಯ್ತು, 5,400 ನಷ್ಟ. ಅದರ ಮುಂದಿನ ವರ್ಷ 50ರ ಬದಲು 20, ಮತ್ತೆ 3,600. ಆಮೇಲೆ 3,000, 1,800, 600. ಕೂಡಿಸಿದ್ರೆ 14,400. ಗಾಡಿ ಹಳೇದಾದಂಗೆ ಪ್ರೀಮಿಯಂ ಇಳಿಯತ್ತೆ, ಹಾಗಾಗಿ ನಿಜವಾಗಿ ಸ್ವಲ್ಪ ಕಮ್ಮಿನೇ ಆಗತ್ತೆ, ಆದ್ರೂ ಸಿಕ್ಕ 8,375ಕ್ಕಿಂತ ಜಾಸ್ತಿನೇ ಹೋಗತ್ತೆ. ಝೀರೋ ಡೆಪ್ ಅನ್ನೋ ಆಡ್-ಆನ್ (ಹೆಚ್ಚುವರಿ ಕವರ್) ಇದ್ರೆ ಡಿಪ್ರಿಸಿಯೇಶನ್ ಕಟ್ ಆಗಲ್ಲ ನಿಜ, ಬೋನಸ್ ಮಾತ್ರ ಹೋಗೇ ಹೋಗತ್ತೆ, ಬೋನಸ್ ಪ್ರೊಟೆಕ್ಷನ್ ಅಂತ ಬೇರೆ ಆಡ್-ಆನ್ ತಗೊಂಡಿದ್ರೆ ಬಿಟ್ಟು. ಹೆಡ್‌ಲೈಟು, ಬಾನೆಟ್ಟು, ಸೆನ್ಸರ್ರು ಎಲ್ಲಾ ಸೇರಿ ದೊಡ್ಡ ಬಿಲ್ ಬಂದ್ರೆ ಧಾರಾಳವಾಗಿ ಕ್ಲೇಮ್ ಮಾಡಿ, ಅದಕ್ಕೇ ಪಾಲಿಸಿ ಇರೋದು, ಆಗ ಗಾಡಿ ಬಿಚ್ಚಿಸೋ ಮೊದ್ಲೇ ಫೋಟೋ ತೆಗೆದು ಕಂಪನಿಗೆ ತಿಳಿಸಿ. ಬರೀ ಬಂಪರ್ ಬಿರುಕಿಗೆ ಕೈಯಿಂದ ರಿಪೇರಿ ಮಾಡಿಸೋದೇ ಲಾಭ.

ಪ್ರಶ್ನೆ: ಬಂಪರ್ ಗುಳಿಬಿದ್ದಿದೆ, ಪೇಂಟ್ ಹೋಗಿಲ್ಲ. ಕುದಿಯೋ ನೀರು ಹಾಕಿದ್ರೆ ಸರಿಯಾಗತ್ತೆ ಅಂತ ವಿಡಿಯೋದಲ್ಲಿ ತೋರಿಸ್ತಾರೆ, ನಿಜಾನಾ?
– ಶಿವಮೊಗ್ಗ

ಉತ್ತರ: ನಿಜ, ಗುಂಡಗೆ ಒಳಕ್ಕೆ ಹೋಗಿರೋ ಗುಳಿಗೆ ಕೆಲಸ ಮಾಡತ್ತೆ. ಕುದಿಯೋ ನೀರು 100 ಡಿಗ್ರಿ, ಪ್ಲಾಸ್ಟಿಕ್ ಕರಗಲ್ಲ, ಮೆತ್ತಗಾಗತ್ತೆ. ಗುಳಿ ಮೇಲೆ ಅಂಚಿಂದ ಸುತ್ತ ನಿಧಾನಕ್ಕೆ ಸುರೀರಿ, ದಪ್ಪ ಗ್ಲೌಸ್ ಹಾಕ್ಕೊಂಡು ಕೆಳಗಿಂದ ಕೈ ಹಾಕಿ ಒಳಗಡೆಯಿಂದ ನೂಕಿ, ಟಪ್ ಅಂತ ಹೊರಗೆ ಬಂದ ತಕ್ಷಣ ತಣ್ಣೀರು ಹಾಕಿ. ಕೈ ಹೋಗೋಕೆ ಜಾಗ ಇಲ್ದಿದ್ರೆ ಕೆಳಗಿನ ಕ್ಲಿಪ್ ಒಂದೆರಡು ತೆಗೀಬೇಕಾಗತ್ತೆ. ಮಡಚಿದ ತರ ಚೂಪಾದ ಗೆರೆ ಬಿದ್ದಿದ್ರೆ ಪೂರ್ತಿ ಹೋಗಲ್ಲ. ಹೀಟ್ ಗನ್ ಕೈಗೆ ಸಿಕ್ರೂ ಅಭ್ಯಾಸ ಇಲ್ದೋರು ಬಳಸ್ಬೇಡಿ, ಒಂದೇ ಜಾಗದಲ್ಲಿ ಹಿಡಿದ್ರೆ ಪೇಂಟ್ ಗುಳ್ಳೆ ಏಳತ್ತೆ. ನೀರಿಗೆ ಆ ಅಪಾಯ ಇಲ್ಲ.

ಪ್ರಶ್ನೆ: ಪದೇ ಪದೇ ತಾಗಿಸ್ಕೊಂಡು ಬರ್ತಾನೆ ಮಗ. ಮುಂದೆ ಹಿಂದೆ ಸ್ಟೀಲ್ ಗಾರ್ಡ್ ಹಾಕಿಸ್ಬಿಡ್ಲಾ?
– ತುಮಕೂರು

ಉತ್ತರ: ಬೇಡ ಅಮ್ಮಾ, ದಯವಿಟ್ಟು. ಆ ಕ್ರ್ಯಾಶ್ ಗಾರ್ಡ್ ಕಾನೂನುಬಾಹಿರ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಪ್ಪು. ದಂಡ ಬಿಡಿ, ಅಡ್ಡ ಬಂದ ಮನುಷ್ಯರಿಗೆ ಆ ಕಬ್ಬಿಣ ಬಡಿದ್ರೆ ಗತಿ ಏನು? ಬಂಪರ್ ಬಾಗಿ ಮುರಿಯೋದೇ ಅದರ ಕೆಲಸ. ಗಾರ್ಡ್ ಏಟನ್ನ ನೇರ ಚಾಸಿಗೆ ಸಾಗಿಸತ್ತೆ, ಏರ್‌ಬ್ಯಾಗ್ ಸರಿಯಾದ ಹೊತ್ತಿಗೆ ತೆರೆಯೋದಕ್ಕೂ ಅಡ್ಡಿ ಆಗ್ಬೋದು, ಒಳಗೆ ಕೂತಿರೋದು ನಿಮ್ಮ ಮಗಾನೇ. ಮನೆ ಪಾರ್ಕಿಂಗ್‌ನ ಗೋಡೆ, ಕಂಬಕ್ಕೆ ಬಂಪರ್ ಎತ್ತರಕ್ಕೆ ರಬ್ಬರ್ ಅಥವಾ ಫೋಮ್ ಪಟ್ಟಿ ಹೊಡೆಸಿ, ಸಾಕು.

ಪ್ರಶ್ನೆ: ಬಂಪರ್ ರಿಪೇರಿ, ಪೇಂಟ್ ಎಲ್ಲಾ ಚೆನ್ನಾಗೇ ಮಾಡಿಕೊಟ್ರು, ಆದ್ರೆ ಬಿಸಿಲಲ್ಲಿ ನೋಡಿದ್ರೆ ಸಿಲ್ವರ್ ಬಣ್ಣ ಬಾಡಿಗೆ ಕೂಡ್ತಿಲ್ಲ. ಅದರ ಮೇಲೆ ರಿವರ್ಸ್ ಹಾಕಿದ್ರೆ ಏನೂ ಇಲ್ದಿದ್ರೂ ಸೆನ್ಸರ್ ಬೀಪ್ ಅಂತಾನೇ ಇರತ್ತೆ.
– ಕದ್ರಿ, ಮಂಗಳೂರು

ಉತ್ತರ: ಬಣ್ಣದ ವಿಷ್ಯದಲ್ಲಿ ಮೊದ್ಲು ಅವ್ರು ಗಾಡಿ ಮೇಲಿನ ಪೇಂಟ್ ಕೋಡ್ ನೋಡಿ ಕಲಸಿದ್ರಾ ಕೇಳಿ, ಇಂಜಿನ್ ಬೇ ಒಳಗೋ ಡೋರ್ ಪಿಲ್ಲರ್ ಮೇಲೋ ಪ್ಲೇಟ್ ಅಥವಾ ಸ್ಟಿಕ್ಕರ್‌ನಲ್ಲಿ ಇರತ್ತೆ. ಸರಿಯಾದ ಕೋಡ್ ಆದ್ರೂ ಸಿಲ್ವರ್‌ನಲ್ಲಿ ಸ್ವಲ್ಪ ವ್ಯತ್ಯಾಸ ಬರತ್ತೆ, ಅದರೊಳಗಿನ ಅಲ್ಯೂಮಿನಿಯಂ ಚೂರುಗಳು ಸ್ಪ್ರೇ ಮಾಡೋ ಕೈ ಹೇಗೆ ಹಾಗೆ ಕೂರತ್ವೆ. ಹೊಸ ಗಾಡಿಗಳಲ್ಲೇ ಬಂಪರ್‌ಗೂ ತಗಡಿಗೂ ಕೂದಲೆಳೆ ವ್ಯತ್ಯಾಸ ಇರೋದುಂಟು. ಎದುರು ನಿಂತು ನೋಡಿದ್ರೂ ಬೇರೆ ಅನ್ಸಿದ್ರೆ ಮಾತ್ರ ಮತ್ತೆ ಹೊಡೆಸಿ.

ಸೆನ್ಸರ್ ಮಾತ್ರ ಹಾಗೇ ಬಿಡ್ಬೇಡಿ. 2019ರ ಜುಲೈ 1ರಿಂದ ಬರೋ ಕಾರುಗಳಿಗೆಲ್ಲ ರಿವರ್ಸ್ ಸೆನ್ಸರ್ ಕಡ್ಡಾಯ, ಅದು ಕಂಪಿಸಿ ನಮ್ಮ ಕಿವಿಗೆ ಕೇಳದ ಶಬ್ದ ಬಿಟ್ಟು, ಪ್ರತಿಧ್ವನಿ ಬರೋ ಹೊತ್ತು ಅಳೆದು ದೂರ ಹೇಳತ್ತೆ. ಅದರ ಮುಖದ ಮೇಲೆ ದಪ್ಪಗೆ ಪೇಂಟ್ ಕೂತ್ರೆ, ಪುಟ್ಟಿ ಮೆತ್ತಿದ್ರೆ, ಇಲ್ಲಾ ವಾಪಸ್ ಹಾಕ್ವಾಗ ಓರೆಯಾಗಿ ಕೂತಿದ್ರೆ ಹೀಗೇ ಕೂಗ್ತಾ ಇರತ್ತೆ. ಅಂಗಡಿಯವರು ಸೆನ್ಸರ್ ಬಿಚ್ದೇ ಹಾಗೇ ಸ್ಪ್ರೇ ಮಾಡಿರೋ ಸಾಧ್ಯತೆ ಜಾಸ್ತಿ. ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಸ್ಟಾರ್ಟ್ ಮಾಡ್ದೆ ಇಗ್ನಿಶನ್ ಆನ್ ಮಾಡಿ ರಿವರ್ಸ್ ಗೇರ್ ಹಾಕಿ, ಒಳಗೆ ಒಬ್ಬರು ಕೂತಿರ್ಲಿ, ನೀವು ಹಿಂದೆ ಬಂದು ಒಂದೊಂದೇ ಸೆನ್ಸರ್ ಮೇಲೆ ಬೆರಳಿಡಿ. ಸರಿ ಇರೋದು ಸಣ್ಣಗೆ ಟಿಕ್ ಟಿಕ್ ಅಂತ ಬೆರಳಿಗೆ ಗೊತ್ತಾಗತ್ತೆ. ಯಾವುದು ಸುಮ್ನಿರತ್ತೋ ಅದನ್ನ ಗುರುತು ಮಾಡಿ ಪೇಂಟ್ ಮಾಡಿದವರಿಗೇ ತೋರಿಸಿ, ಅದೊಂದನ್ನ ಬಿಚ್ಚಿ ಪೇಂಟ್ ತೆಗೆದು ನೋಡ್ಲಿ, ಆಗ್ಲೂ ಆಗ್ದಿದ್ರೆ ಅದೊಂದೇ ಬದಲಾಯಿಸಿದ್ರೆ ಆಯ್ತು. ನಾಲ್ಕೂ ಟಿಕ್ ಟಿಕ್ ಅಂತಿದ್ರೆ ಓರೆಯಾಗಿ ಕೂತಿರೋದನ್ನ ಹುಡುಕಿ ನೇರ ಕೂರಿಸ್ಬೇಕು. ಸೆಟ್ ಪೂರ್ತಿ ಹೋಗಿದೆ ಅಂದ್ರೆ ನಂಬ್ಬೇಡಿ.