ಕೊಬ್ಬಿನ ಹನಿಯನ್ನು ಇನ್ನೂ ಹತ್ತಿರದಿಂದ ನೋಡಿ

ವಿರಾಜಪೇಟೆಯಿಂದ ನೀವು ಕಳಿಸಿದ ‘ಕೊಬ್ಬೆಂಬ ಶತ್ರು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಕೈಬಿಡಲೂ ಮನಸ್ಸು ಬಾರದೆ ಇಷ್ಟು ಬರೆಯುತ್ತಿದ್ದೇನೆ.

ಮೊದಲ ಮೂರು ಪ್ಯಾರಾ ತೆಗೆದುಬಿಡಿ. ಆಧುನಿಕ ಜೀವನಶೈಲಿಯ ಆ ಮಾತುಗಳನ್ನು ಓದುಗರು ಎಷ್ಟೋ ಕಡೆ ಓದಿದ್ದಾರೆ. ಲೇಖನ ನಿಜವಾಗಿ ಶುರುವಾಗುವುದು ನಾಲ್ಕನೆಯದರಲ್ಲಿ. ಕೊಡಗಿನ ಕೈಲ್ ಮುಹೂರ್ತ ಹಬ್ಬದ ಮಾರನೇ ಬೆಳಿಗ್ಗೆ ನಿಮ್ಮ ಅವ್ವ ಹಂದಿಮಾಂಸದ ಪಂದಿಕರಿಯ ಪಾತ್ರೆಯ ಮುಚ್ಚಳ ತೆಗೆಯುತ್ತಾರೆ. ಕೊಡಗಿನ ಹುಳಿಯಾದ ಕಾಚಂಪುಳಿ ಹಾಕಿದ ಕಪ್ಪು ಗಸಿಯ ಮೇಲೆ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿದೆ. ಎಂಥ ಚಿತ್ರ! ಎರಡೇ ಸಾಲಿಗೆ ಮುಗಿಸಿಬಿಟ್ಟಿದ್ದೀರಿ. ಕೊಬ್ಬು ನೀರಿನೊಂದಿಗೆ ಬೆರೆಯುವುದಿಲ್ಲ, ಜೀವಕೋಶದ ಒಳಗೋ ಬಹುಪಾಲು ನೀರೇ. ಹಾಗಾದರೆ ಅಲ್ಲಿ ಅದನ್ನು ಇಡುವುದು ಹೇಗೆ? ಅಲ್ಲಿಂದ ಮುಂದುವರಿಯಿರಿ.

ಇನ್ನು ತಪ್ಪುಗಳು. ತಿಂದ ಹಂದಿ ಕೊಬ್ಬು ಹಾಗೇ ಹೋಗಿ ಕೋಶದಲ್ಲಿ ಕೂರುವುದಿಲ್ಲ. ಕರುಳಿನಲ್ಲಿ ಒಡೆದು, ಮತ್ತೆ ಕಟ್ಟಿಕೊಂಡು, ರಕ್ತದಲ್ಲಿ ಸಾಗುತ್ತದೆ. ಕೋಶ ತನ್ನೊಳಗೆ ಕೊಬ್ಬನ್ನು ಕೂಡಿಡುವ ಹನಿಯ ಸುತ್ತ ಎರಡು ಪದರದ ಪೊರೆ ಇದೆ ಎಂದಿದ್ದೀರಿ. ಇರುವುದು ಒಂದೇ ಪದರ, ಅದರ ಕಾರಣವೇ ಸೊಗಸಾಗಿದೆ. ಕೋಶದೊಳಗಿನ ಪೊರೆಗಳ ಜಾಲವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನ ಪೊರೆಗೆ ಎರಡು ಪದರ. ಅವುಗಳ ನಡುವೆ ಎಣ್ಣೆ ಸೇರುತ್ತಾ ಹೋಗಿ, ಉಬ್ಬಿ, ಹೊರಬದಿಯ ಪದರವನ್ನಷ್ಟೇ ಹೊದ್ದು ಮೊಗ್ಗಿನಂತೆ ಹೊರಬರುತ್ತದೆ.

ನನಗೆ ಹೆಚ್ಚು ಬೇಸರವಾದದ್ದು ಹನಿಯನ್ನು ‘ಕಸದ ಬುಟ್ಟಿ’ ಎಂದದ್ದು. ಅದು ಕಣಜ. ಬಿಡಿ ಕೊಲೆಸ್ಟರಾಲ್ ಹೆಚ್ಚಾದರೆ ಕೋಶದ ಪೊರೆಗಳೇ ಕೆಡುತ್ತವೆ. ಆದ್ದರಿಂದ ಕೋಶ ಅದಕ್ಕೊಂದು ಕೊಬ್ಬಿನಾಮ್ಲ ಜೋಡಿಸಿ, ಎಸ್ಟರ್ ಎಂಬ ಸಂಯುಕ್ತ ಮಾಡಿ, ಹನಿಯೊಳಗೆ ಇಡುತ್ತದೆ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಹಾರ್ಮೋನು ತಯಾರಿಸಬೇಕಾದಾಗ ಈ ದಾಸ್ತಾನಿನಿಂದ ತೆಗೆದುಕೊಳ್ಳುತ್ತದೆ. ಕೊಬ್ಬಿನ ಕೋಶಗಳಲ್ಲಿ ಪೆರಿಲಿಪಿನ್ ಎಂಬ ಪ್ರೋಟೀನು ಹನಿಯ ಮೇಲೆ ಕಾವಲಿರುತ್ತದೆ. ಉಪವಾಸದ ಹೊತ್ತಿಗೆ ಸಂಕೇತ ಬಂದರೆ ಕರಗಿಸುವ ಕಿಣ್ವಗಳಿಗೆ ದಾರಿ ಬಿಡುತ್ತದೆ.

ಅಪಾಯದ ಮಾತು ಬಿಡಬೇಕಿಲ್ಲ, ಅದರ ಜಾಗದಲ್ಲಿ ಹೇಳಿ. ರಕ್ತನಾಳದ ಗೋಡೆಯಲ್ಲಿ ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳು, ರಕ್ತದಲ್ಲಿ ಕೊಲೆಸ್ಟರಾಲ್ ಹೊತ್ತೊಯ್ಯುವ ಎಲ್‌ಡಿಎಲ್ ಕಣಗಳು ಕೆಟ್ಟಾಗ ಅವನ್ನು ನುಂಗಿ ನುಂಗಿ ಹನಿಗಳಿಂದ ತುಂಬಿಹೋಗುತ್ತವೆ. ಸೂಕ್ಷ್ಮದರ್ಶಕದಲ್ಲಿ ನೊರೆಯಂತೆ ಕಾಣುವುದರಿಂದ ಅವಕ್ಕೆ ನೊರೆಕೋಶ ಎಂದೇ ಹೆಸರು. ರಕ್ತದ ಕೊಲೆಸ್ಟರಾಲನ್ನು ಕೋಶಗಳು ಒಳಗೆಳೆದುಕೊಳ್ಳುವ ಬಗೆ ತೋರಿಸಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್‌ಗೆ 1985ರಲ್ಲಿ ನೊಬೆಲ್ ಬಂತು. ಅವರಿಗೂ ಒಂದು ಸಾಲು ಕೊಡಿ, ಸಾಕು.

ಕಾಫಿ ತೋಟದ ನಡುವೆ ಕುಳಿತು ಕಾಫಿಯನ್ನು ಹೇಗೆ ಮರೆತಿರಿ? ಕಾಫಿ ಬೀಜದ ಕೋಶಗಳಲ್ಲೂ ಇಂಥವೇ ಎಣ್ಣೆ ಹನಿಗಳಿವೆ. ಕಪ್ಪಗೆ ಹುರಿದ ಬೀಜದ ಮೈ ಮಿರುಗುವುದು ಆ ಎಣ್ಣೆ ಹೊರಗೆ ಜಿನುಗಿದಾಗಲೇ. ಒಂದು ಬೀಜ ಅಂಗೈಯಲ್ಲಿಟ್ಟು ನೋಡಿ ಬರೆಯಿರಿ.

ಶೀರ್ಷಿಕೆ ಬದಲಿಸಿ, ತಿದ್ದಿದ್ದನ್ನು ನನಗೇ ಕಳಿಸಿ. ಆ ಬೆಳಿಗ್ಗೆ ಅವ್ವ ಆ ಬಿಳಿ ಪದರವನ್ನು ತೆಗೆದಿಟ್ಟರೋ, ಹಾಗೇ ಒಲೆಗಿಟ್ಟು ಕರಗಿಸಿದರೋ? ಅದೂ ಬೇಕು.