ತೊಗರಿ ಕುಡಿ ಚಿವುಟುವ ಯಂತ್ರಕ್ಕೆ ಪೇಟೆಂಟ್: ಕಲಬುರಗಿಯ ಸಣ್ಣ ವರ್ಕ್‌ಶಾಪ್‌ಗೆ ಏನು ಅಡ್ಡಿ?

ದುಡ್ಡಿಗಿಂತ ಮೊದಲು ಕೆಲಸ ಕೆಡಿಸೋದು ಬಾಯಿ. ಯಂತ್ರವನ್ನು ಮೇಳದಲ್ಲಿ ಓಡಿಸಿ ತೋರಿಸಿ, ವಾಟ್ಸಾಪ್‌ನಲ್ಲಿ ವಿಡಿಯೊ ಹಂಚಿ, ಆಮೇಲೆ ಅರ್ಜಿ ಹಾಕಿದರೆ ‘ಇದು ಹೊಸದಲ್ಲ’ ಎಂದು ತಳ್ಳಿಹಾಕಬಹುದು. ಮೊದಲೇ ಒಂದು ಪ್ರೊವಿಷನಲ್ (ತಾತ್ಕಾಲಿಕ) ಅರ್ಜಿ ಹಾಕಿಬಿಡಿ. ಪೂರ್ತಿ ವಿವರ ಕೊಡಲು 12 ತಿಂಗಳು ಸಿಗುತ್ತದೆ.

ಬ್ಯಾಟರಿಯಲ್ಲಿ ಓಡುವ ಕುಡಿ ಚಿವುಟುವ ಯಂತ್ರಗಳು ಈಗಾಗಲೇ ಇವೆ, ಅಲ್ವಾ? ಹಾಗಾಗಿ ನಿಮ್ಮದರಲ್ಲಿ ಹೊಸದೇನು, ಬ್ಲೇಡಾ, ಎತ್ತರ ಹೊಂದಿಸುವ ಹಿಡಿಕೆಯಾ, ಅದಕ್ಕಷ್ಟೇ ಹಕ್ಕು ಕೇಳಬೇಕು. ಚಿವುಟುವ ಬೇಸಾಯ ಪದ್ಧತಿಗೆ ಪೇಟೆಂಟ್ ಇಲ್ಲ. ಪೇಟೆಂಟ್ ಕಾಯ್ದೆಯ 3ನೇ ಕಲಂ ಬಿಡುವುದಿಲ್ಲ.

ಸರ್ಕಾರಿ ಶುಲ್ಕ ಜಾಸ್ತಿಯೇನಲ್ಲ. ವ್ಯಕ್ತಿ, ಸ್ಟಾರ್ಟಪ್, ಸಣ್ಣ ಉದ್ಯಮಕ್ಕೆ ಆನ್‌ಲೈನ್ ಅರ್ಜಿಗೆ 1,600 ರೂಪಾಯಿ, ಕಚೇರಿ ಆ ಅರ್ಜಿಯನ್ನು ಪರೀಕ್ಷಿಸಲು 4,000. ದೊಡ್ಡ ಕಂಪನಿಗೆ ಇದರ ಐದು ಪಟ್ಟು. ಜೇಬು ಸುಡೋದು ಅರ್ಜಿ ಬರೆದು ನಡೆಸಿಕೊಡುವ ಪೇಟೆಂಟ್ ಏಜೆಂಟರ ಫೀಸು. ಮಾನ್ಯತೆ ಪಡೆದ ಸ್ಟಾರ್ಟಪ್ ಆದರೆ ಎಸ್‌ಐಪಿಪಿ (ಸ್ಟಾರ್ಟಪ್‌ಗಳಿಗೆ ಪೇಟೆಂಟ್ ಪಡೆಯಲು ನೆರವಾಗುವ ಕೇಂದ್ರ ಸರ್ಕಾರದ) ಯೋಜನೆ ವಿಚಾರಿಸಿ. ಅದರ ಪಟ್ಟಿಯಲ್ಲಿರುವ ಏಜೆಂಟರಿಗೆ ಸರ್ಕಾರವೇ ಫೀಸು ಕೊಡುತ್ತದೆ. ನಮ್ಮ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಗೆ ಹೋಗುತ್ತವೆ, ಸುಮ್ನೆ ರೈಲು ಹತ್ತಬೇಡಿ, ಎಲ್ಲ ಆನ್‌ಲೈನ್.

ಪೇಟೆಂಟ್ ಸಿಕ್ಕ ಮೇಲೆ ಆಳಂದದಲ್ಲೋ ಸೇಡಂನಲ್ಲೋ ಯಾರಾದರೂ ನಕಲು ಹೊಡೆದರೆ ಪೊಲೀಸ್ ಕೇಸ್ ಆಗುವುದಿಲ್ಲ. ಸಿವಿಲ್ ದಾವೆ ನೀವೇ ಹಾಕಬೇಕು, ನಿಮ್ಮದೇ ಖರ್ಚಿನಲ್ಲಿ.